ಎರಡು ಆಂಟೆನಾ, ಒಂದು ಮೈನಸ್

ಹಾಸ್ಟೆಲ್ ರೂಮಲ್ಲಿ ವೈಫೈ ಬರ್ತಿಲ್ಲ ಅಂತ ಫೋನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಕೆಲವೊಮ್ಮೆ ತಟ್ಟಂತ ಬರುತ್ತೆ. ಇದು ಭ್ರಮೆ ಅಲ್ಲ. ರೌಟರಿನಿಂದ ಹೊರಟ ಅಲೆ ಗೋಡೆ, ಬೀರು, ಮಂಚಕ್ಕೆಲ್ಲ ಬಡಿದು ಹಲವು ದಾರಿಗಳಲ್ಲಿ ಫೋನ್ ತಲುಪುತ್ತದೆ. ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದರೆ ಎರಡೂ ಸೇರಿ ಹೆಚ್ಚುಕಮ್ಮಿ ಸೊನ್ನೆ. ಇದಕ್ಕೆ ಫೇಡಿಂಗ್ ಅಂತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಹಾಗಾಗಿ ಐದಾರು ಸೆಂಟಿಮೀಟರ್ ಸರಿದರೂ ಲೆಕ್ಕ ಬದಲಾಗಬಹುದು.

ಪರಿಹಾರ ಇನ್ನೊಂದು ಆಂಟೆನಾ. ಒಂದು ಆಂಟೆನಾದ ಸಿಗ್ನಲ್ ನೂರಕ್ಕೆ ಒಂದು ಸಲ ಕೈಕೊಡುತ್ತೆ ಅಂದುಕೊಳ್ಳಿ. ಎರಡರ ಸಿಗ್ನಲ್ಲೂ ಒಂದಕ್ಕೊಂದು ಸಂಬಂಧವಿಲ್ಲದೆ ಬದಲಾಗುತ್ತಿದ್ದರೆ, ಎರಡೂ ಒಟ್ಟಿಗೆ ಕೈಕೊಡೋದು ಹತ್ತು ಸಾವಿರಕ್ಕೆ ಒಂದು ಸಲ. ಫೋನಲ್ಲಿ ಜಾಗ ಕಮ್ಮಿ, ಅದಕ್ಕೆ ರೌಟರಿನಲ್ಲೇ ಎರಡು ಇಡೋಣ. ಎರಡರಿಂದಲೂ ಒಂದೇ ಸಿಂಬಲ್ ಕಳಿಸಿದ್ರೆ ಆಯ್ತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಆಗಲ್ಲ. ಅವೆರಡೂ ಗಾಳಿಯಲ್ಲೇ ಕೂಡಿಕೊಂಡು ಮತ್ತೆ ಒಂದನ್ನೊಂದು ಅಳಿಸಬಹುದು.

1998ರಲ್ಲಿ ಸಿಯಾವಶ್ ಅಲಮೂಟಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಕಳಿಸಬೇಕಾದ ಸಿಂಬಲ್ ಎರಡು: ಕ ಮತ್ತು ಗ. ಮೊದಲ ಸರದಿಯಲ್ಲಿ ಒಂದನೇ ಆಂಟೆನಾ ಕ, ಎರಡನೇದು ಗ ಕಳಿಸುತ್ತೆ. ಮುಂದಿನ ಸರದಿಯಲ್ಲಿ ಒಂದನೇದು ಗ-ದ ಕಾಂಜುಗೇಟನ್ನು ಮೈನಸ್ ಹಾಕಿ ಕಳಿಸುತ್ತೆ, ಎರಡನೇದು ಕ-ದ ಕಾಂಜುಗೇಟ್. ಅಷ್ಟೇ. (ಕಾಂಪ್ಲೆಕ್ಸ್ ನಂಬರ್ ಎಲ್ಲಿಗೆ ಉಪಯೋಗ ಅಂತ ಗೊಣಗಿದವರು ಗಮನಿಸಿ.)

ಈಗ ಫೋನಿನ ಹತ್ತಿರ ಎರಡು ಸಮೀಕರಣ, ಗೊತ್ತಿಲ್ಲದ್ದೂ ಎರಡೇ. ಎರಡೂ ದಾರಿ ಹೇಗಿವೆ ಅನ್ನೋದನ್ನ ಅದು ಪೈಲಟ್ ಸಿಗ್ನಲ್‌ನಿಂದ ಮೊದಲೇ ಅಳೆದಿರುತ್ತೆ. ಸರಿಯಾಗಿ ಗುಣಿಸಿ ಕೂಡಿಸಿದರೆ ಆ ಮೈನಸ್ ದೆಸೆಯಿಂದ ಗ ಪೂರ್ತಿ ಹೊಡೆದುಹೋಗಿ ಕ ಮಾತ್ರ ಉಳಿಯುತ್ತದೆ, ಎರಡೂ ದಾರಿಗಳ ಬಲದ ವರ್ಗಗಳ ಮೊತ್ತದಿಂದ ಗುಣಿಸಿಕೊಂಡು. ವರ್ಗಗಳ ಮೊತ್ತ ಸೊನ್ನೆ ಆಗಬೇಕಾದರೆ ಎರಡೂ ದಾರಿ ಸೊನ್ನೆ ಆಗಲೇಬೇಕು! ಗ-ಕ್ಕೂ ಇದೇ ಲೆಕ್ಕ. ಎರಡು ಸರದಿಗೆ ಎರಡು ಸಿಂಬಲ್, ಅಂದ್ರೆ ವೇಗ ಕಮ್ಮಿಯಾಗಲಿಲ್ಲ. ದಾರಿ ಹೇಗಿದೆ ಅಂತ ರೌಟರಿಗೆ ಗೊತ್ತಿರಬೇಕಾಗಿಯೂ ಇಲ್ಲ. 3ಜಿಯಲ್ಲೂ ಆಮೇಲೆ 802.11ಎನ್ ವೈಫೈಯಲ್ಲೂ ಇದು ಸೇರಿದೆ.

ಪುಕ್ಕಟೆ ಅಲ್ಲ. ಪವರ್ ಎರಡು ಆಂಟೆನಾಗೆ ಅರ್ಧರ್ಧ ಹಂಚಿಹೋಗುವುದರಿಂದ, ಫೋನಲ್ಲೇ ಎರಡು ಇಟ್ಟಿದ್ದಕ್ಕಿಂತ 3 ಡೆಸಿಬೆಲ್ ಹಿಂದೆ. ಎರಡು ಸರದಿ ಮುಗಿಯೋ ತನಕ ದಾರಿಯೂ ಬದಲಾಗಬಾರದು. ಮತ್ತೆ, ಇದು ಸ್ಪೀಡ್ ಹೆಚ್ಚಿಸೋ ತಂತ್ರ ಅಲ್ಲ. ಅದಕ್ಕೆ ಫೋನಲ್ಲೂ ಎರಡು ಆಂಟೆನಾ ಇಟ್ಟು, ಒಂದೊಂದರಿಂದ ಬೇರೆ ಬೇರೆ ಡೇಟಾ ಕಳಿಸಬೇಕು, ಸಿಗ್ನಲ್ಲೂ ಚೆನ್ನಾಗಿರಬೇಕು. ನಮ್ಮ ರೂಮು ಕಾರಿಡಾರಿನ ಕೊನೆಯಲ್ಲಿದೆ, ನನಗೆ ಸದ್ಯ ಅಲಮೂಟಿಯೇ ಸಾಕು.