ಎರಡು ಪೈಪು, ಎರಡು ಗೂಟ

ನಮ್ಮ ಕೋಲಾರ ಸೀಮೆಯಲ್ಲಿ ನೀರಿನ ಬೆಲೆ ಯಾರಿಗೆ ಗೊತ್ತಿಲ್ಲ? ವರ್ಷವೆಲ್ಲಾ ಹರಿಯುವ ಹೊಳೆ ನಮಗಿಲ್ಲ. ಪಾಲಾರ್ ಇದೆ. ಆದರೆ ಮಳೆ ಬಂದರೆ ಮಾತ್ರ ಅದರಲ್ಲಿ ನೀರು. ಮಾಲೂರಿಗೆ ಹೋಗಿ, ಮುಳಬಾಗಿಲಿಗೆ ಹೋಗಿ, ಶ್ರೀನಿವಾಸಪುರಕ್ಕೆ ಹೋಗಿ. ಬೋರ್‌ವೆಲ್ಲೇ ಗತಿ. ಎಷ್ಟೋ ಕಡೆ ಸಾವಿರ ಅಡಿ ದಾಟಿ ಕೊರೆದಿದ್ದಾರೆ.

ನಲ್ಲಿ ಬಂತು ಅಂದರೆ ನಾವು ಓಡುತ್ತೇವೆ. ಟ್ಯಾಂಕರ್ ಬಂತು ಅಂದರೂ ಓಡುತ್ತೇವೆ. ಕೈಗೆ ಸಿಕ್ಕಿದ ಪೈಪನ್ನು ಎಳೆದು ಡ್ರಮ್ಮಿಗೆ ಹಾಕುತ್ತೇವೆ. ಆ ಪೈಪು ನಿನ್ನೆ ಎಲ್ಲಿತ್ತು? ಇದನ್ನು ಯಾರೂ ಕೇಳೋದಿಲ್ಲ.

ಒಂದು ಮನೆ ಅಂದುಕೊಳ್ಳೋಣ. ಬೀದಿಗೆ ಟ್ಯಾಂಕರ್ ಬಂದಿದೆ. ಸೊಸೆ ಪೈಪು ಎಳೆದು ತರುತ್ತಾಳೆ.

"ಏನೇ, ಅದು ಕೊಟ್ಟಿಗೆ ತೊಳೆದ ಪೈಪಲ್ವಾ?" ಅತ್ತೆ ಕೇಳುತ್ತಾರೆ.

"ಹೌದು ಅತ್ತೆ. ಮೇಲೆ ತೊಳೆದಿದ್ದೀನಿ. ನೋಡಿ, ಎಷ್ಟು ಬೆಳ್ಳಗಿದೆ."

"ಮೇಲೆ ತೊಳೆದೆ. ಒಳಗೆ ಯಾರು ತೊಳೆದರು?"

ಅತ್ತೆ ಕೇಳಿದ್ದು ಸರಿಯಾದ ಮಾತು. ಪೈಪಿನ ಒಳಗೆ ನಮ್ಮ ಕೈ ಹೋಗೋದಿಲ್ಲ, ಕಣ್ಣೂ ಹೋಗೋದಿಲ್ಲ. ಸಗಣಿ, ಗಂಜಲ, ಬಚ್ಚಲ ನೀರು, ಪಾಯಿಖಾನೆ ತೊಳೆದ ನೀರು ಒಳಗೆ ಅಂಟಿಕೊಂಡಿರುತ್ತೆ. ಅದರಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ಅದೇ ಪೈಪಿನಲ್ಲಿ ಕುಡಿಯುವ ನೀರು ಹಿಡಿದರೆ ಅವು ಡ್ರಮ್ಮಿಗೆ ಬರುತ್ತವೆ. ಡ್ರಮ್ಮಿನಿಂದ ಬಿಂದಿಗೆಗೆ, ಬಿಂದಿಗೆಯಿಂದ ಮಗುವಿನ ಬಾಯಿಗೆ. ವಾಂತಿ ಭೇದಿ, ಟೈಫಾಯ್ಡ್, ಕಾಮಾಲೆ ಹೀಗೂ ಬರುತ್ತವೆ.

ಅದಕ್ಕೇ ಮೊದಲ ಮಾತು ಇದು. ಮನೆಯಲ್ಲಿ ಎರಡು ಪೈಪು ಇರಬೇಕು. ಒಂದು ಕುಡಿಯುವ ನೀರಿಗೆ. ಇನ್ನೊಂದು ಗಲೀಜು ಕೆಲಸಕ್ಕೆ. ಗಲೀಜು ಪೈಪಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಓದು ಬಾರದವರಿಗೂ, ಮಕ್ಕಳಿಗೂ ಗುರುತು ಸಿಗುತ್ತೆ. ಕೆಂಪು ಬಟ್ಟೆ ಪೈಪನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಹಾಕಬಾರದು. ಕೆರೆಯಿಂದ ತೋಟಕ್ಕೆ ನೀರು ಎಳೆಯುವ ಪೈಪೂ ಕೆಂಪು ಬಟ್ಟೆ ಪೈಪೇ. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು ಬರುತ್ತಿದೆ. ಅದು ಕೆರೆ ತುಂಬಿ ಅಂತರ್ಜಲ ಏರಲಿ ಅಂತ ಬಿಟ್ಟಿರೋ ನೀರು. ನೇರವಾಗಿ ಕುಡಿಯೋದಕ್ಕೆ ಅಲ್ಲ.

ನೀರು ಹಿಂದಕ್ಕೂ ಹೋಗುತ್ತೆ

ನಲ್ಲಿಗೆ ಪೈಪು ಸಿಕ್ಕಿಸಿದ್ದೇವೆ. ಪೈಪಿನ ಇನ್ನೊಂದು ತುದಿ ಕೊಟ್ಟಿಗೆಯ ಬಾನಿಯಲ್ಲಿ ಮುಳುಗಿದೆ. ಅಷ್ಟರಲ್ಲಿ ನೀರುಗಂಟಿ ವಾಲ್ವು ಮುಚ್ಚಿದ. ಆಗ ಏನಾಗುತ್ತೆ? ನಲ್ಲಿಯ ನೀರು ಹಿಂದಕ್ಕೆ ಇಳಿಯುತ್ತೆ. ಇಳಿಯುವಾಗ ಬಾನಿಯ ಗಲೀಜು ನೀರನ್ನೂ ಎಳೆದುಕೊಳ್ಳುತ್ತೆ. ಎಳನೀರನ್ನು ಕೊಳವೆ ಹಾಕಿ ಹೀರಿದ ಹಾಗೆ. ಆ ನೀರು ಊರಿನ ಪೈಪಿಗೆ ಸೇರುತ್ತೆ. ನಮ್ಮ ಬಾನಿಯ ಕೊಳೆ ಪಕ್ಕದ ಮನೆಯ ಬಿಂದಿಗೆಗೆ ಹೋಗುತ್ತೆ.

ಆದ್ದರಿಂದ ಪೈಪಿನ ತುದಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ಒಂದು ಗೇಣು ಮೇಲೆ ಹಿಡಿಯಿರಿ. ಡ್ರಮ್ಮಿನಿಂದ ನೀರು ಇಳಿಸಲು ಬಾಯಲ್ಲಿ ಪೈಪು ಹೀರಬೇಡಿ. ಪೈಪಿನ ತುಂಬ ನೀರು ತುಂಬಿ. ಎರಡೂ ತುದಿಗೆ ಹೆಬ್ಬೆರಳು ಒತ್ತಿ. ಒಂದು ತುದಿ ಡ್ರಮ್ಮಿನಲ್ಲಿ ಇಟ್ಟು, ಇನ್ನೊಂದನ್ನು ಕೆಳಗೆ ತಂದು ಬೆರಳು ಬಿಡಿ. ನೀರು ತಾನೇ ಇಳಿಯುತ್ತೆ.

ಗಲೀಜು ಪೈಪು ತೊಳೆಯುವ ಬಗೆ

ಕೆಲಸ ಮುಗಿದ ಕೂಡಲೇ ತೊಳೆಯಬೇಕು. ಒಣಗಿದ ಮೇಲೆ ಕೊಳೆ ಬಿಡೋದಿಲ್ಲ.

1. ಪೈಪಿನ ಒಂದು ತುದಿಯನ್ನು ಹೆಗಲ ಎತ್ತರಕ್ಕೆ ಎತ್ತಿ. ಇನ್ನೊಂದು ತುದಿಯ ಕಡೆಗೆ ಪೈಪು ಎತ್ತುತ್ತಾ ನಡೆಯಿರಿ. ಒಳಗಿನ ನೀರೆಲ್ಲಾ ಹೊರಗೆ ಬೀಳುತ್ತೆ.

2. ಚೊಂಬಿನಲ್ಲಿ ನೀರು ಹೊಯ್ದು ಎರಡು ಮೂರು ಸಲ ತೊಳೆಯಿರಿ. ಕುಡಿಯುವ ನೀರಿನ ನಲ್ಲಿಗೆ ಈ ಪೈಪು ಸಿಕ್ಕಿಸಬೇಡಿ.

3. ಸೋಪಿನ ನೀರು ಹಾಕಿ. ಎರಡೂ ತುದಿ ಹಿಡಿದು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎತ್ತಿ ಅಲ್ಲಾಡಿಸಿ. ಮತ್ತೆ ಬರೀ ನೀರಿನಲ್ಲಿ ತೊಳೆಯಿರಿ.

4. ತೊಳೆದ ನೀರು ಬೋರ್‌ವೆಲ್ ಹತ್ತಿರ ನಿಲ್ಲಬಾರದು. ಬಾಳೆ, ತೆಂಗಿನ ಬುಡಕ್ಕೆ ಹೋಗಲಿ. ಕೊತ್ತಂಬರಿ ಸೊಪ್ಪಿನ ಮಡಿಗೆ ಬೇಡ.

5. ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ.

ಕುಡಿಯುವ ನೀರಿನ ಪೈಪು

ಇದನ್ನೂ ತಿಂಗಳಿಗೊಮ್ಮೆ ತೊಳೆಯಬೇಕು. ರೇಷ್ಮೆ ಹುಳು ಸಾಕುವ ಅಕ್ಕಂದಿರಿಗೆ ಬ್ಲೀಚಿಂಗ್ ಪುಡಿ ಗೊತ್ತೇ ಇದೆ. ಹುಳುವಿನ ಮನೆಗೆ ರೋಗ ಬರದಂತೆ ಅದನ್ನು ಹಾಕುತ್ತಾರೆ. ನಮ್ಮ ಪೈಪಿಗೂ ಅದೇ ಮದ್ದು. ಆದರೆ ಅಷ್ಟು ಗಟ್ಟಿ ಬೇಡ. 20 ಲೀಟರ್ ನೀರಿನ ಬಕೆಟ್ಟಿಗೆ ಒಂದು ಟೀ ಚಮಚ ಪುಡಿ ಸಾಕು. ಕಲಸಿ ಬಿಡಿ. ಮಡ್ಡಿ ತಳಕ್ಕೆ ಕೂರಲಿ. ಮೇಲಿನ ತಿಳಿ ನೀರನ್ನು ಪೈಪಿನ ತುಂಬ ತುಂಬಿ. ಎರಡೂ ತುದಿ ಮೇಲಕ್ಕೆ ಕಟ್ಟಿ ಒಂದು ಗಂಟೆ ಬಿಡಿ. ಆಮೇಲೆ ವಾಸನೆ ಹೋಗುವ ತನಕ ಒಳ್ಳೆ ನೀರಿನಲ್ಲಿ ತೊಳೆಯಿರಿ.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪುಡಿಯ ಜೊತೆ ಪಾಯಿಖಾನೆ ತೊಳೆಯುವ ಆಸಿಡ್ ಸೇರಿಸಬೇಡಿ. ವಿಷದ ಗಾಳಿ ಏಳುತ್ತೆ. ಪುಡಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇಡುವ ಬಗೆ

ಪೈಪಿನಲ್ಲಿ ನೀರು ನಿಂತರೆ ಪಾಚಿ ಕಟ್ಟುತ್ತೆ, ನಾತ ಬರುತ್ತೆ. ಅದಕ್ಕೇ ಎರಡು ತುದಿಯೂ ಕೆಳಗೆ ಬರುವ ಹಾಗೆ ನೇತು ಹಾಕಿ. ನೀರು ಸೋರಿ ಒಳಗೆ ಒಣಗಲಿ. ಒಣಗಿದ ಮೇಲೆ ಸುತ್ತಿ, ತುದಿಗಳಿಗೆ ಬಟ್ಟೆ ಕಟ್ಟಿ. ಜಿರಲೆ, ಹಲ್ಲಿ ಒಳಗೆ ಹೋಗೋದಿಲ್ಲ.

ಗೋಡೆಗೆ ಎರಡು ಗೂಟ ಹೊಡೆಯಿರಿ. ಕುಡಿಯುವ ನೀರಿನ ಪೈಪು ಮನೆಯ ಕಡೆ, ನೆರಳಿನಲ್ಲಿ. ಬಿಸಿಲಲ್ಲೇ ಇಟ್ಟರೆ ಪೈಪು ಒರಟಾಗಿ ಬಿರಿಯುತ್ತೆ. ಗೊಬ್ಬರ, ಔಷಧಿ ಡಬ್ಬಿಗಳ ಹತ್ತಿರ ಬೇಡ. ಕೆಂಪು ಬಟ್ಟೆ ಪೈಪು ಕೊಟ್ಟಿಗೆಯ ಕಡೆ. ಒಂದು ಇನ್ನೊಂದಕ್ಕೆ ತಾಕಬಾರದು.

ಗುಂಡಿ ತುಂಬಿದರೆ?

ಪಾಯಿಖಾನೆ ಗುಂಡಿ ತುಂಬಿದರೆ ಮನೆಯ ಪೈಪು, ಮೋಟಾರು ಇಳಿಸಬೇಡಿ. ಹೀರುವ ಗಾಡಿಯನ್ನು ಕರೆಸಿ. ಯಾರನ್ನೂ ಒಳಗೆ ಇಳಿಸಬೇಡಿ. ಗುಂಡಿಯ ಗಾಳಿ ಜೀವ ತೆಗೆಯುತ್ತೆ. ಕೈಯಿಂದ ಮಲ ಬಾಚಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಇದರ ವಿರುದ್ಧ ದೇಶವೆಲ್ಲಾ ಹೋರಾಡಿದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲೇ. ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಷ್ಟೆಲ್ಲಾ ಮಾಡಿದರೂ ಮಗುವಿಗೆ ಭೇದಿ ಆಯಿತು ಅನ್ನಿ. ಆಗ ಮಗುವಿನ ಮೈಯಿಂದ ನೀರು, ಉಪ್ಪು ಹೊರಟುಹೋಗುತ್ತೆ. ಓ.ಆರ್.ಎಸ್. ಪೊಟ್ಟಣ ತಂದು ಕಲಸಿ ಕುಡಿಸಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚ ತಲೆ ತಟ್ಟಿದ ಅಳತೆ ಇರಲಿ. ಸ್ವಲ್ಪ ಸ್ವಲ್ಪ ಕುಡಿಸುತ್ತಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎದೆಹಾಲು ನಿಲ್ಲಿಸಬೇಡಿ.

ಎರಡು ಗೂಟ, ಒಂದು ಚೂರು ಕೆಂಪು ಬಟ್ಟೆ. ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಇವತ್ತೇ ನಿಮ್ಮ ಮನೆಯ ಪೈಪು ಎಲ್ಲಿ ಬಿದ್ದಿದೆ, ಹೋಗಿ ನೋಡಿ. ಈ ಪಾಠವನ್ನು ಪಕ್ಕದ ಮನೆಯವರಿಗೂ ಓದಿ ಹೇಳಿ. ಯಾಕೆಂದರೆ ಅವರ ನಲ್ಲಿಗೂ ನಮ್ಮ ನಲ್ಲಿಗೂ ನೀರು ಬರುವುದು ಒಂದೇ ಪೈಪಿನಿಂದ.