ಕಲ್ಲಿನೊಡನೆ ಬಂದ ಅತಿಥಿಗಳು

ಕಲ್ಲು ಎಂದರೆ ಜಡವಸ್ತು ಎಂಬುದು ನಮ್ಮೆಲ್ಲರ ತಿಳಿವಳಿಕೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾದ ಬಂಡೆಯ ಮೇಲೆ ಒಂದು ಓತಿಕೇತ ಓಡಿದರೆ ಅದೇ ದೊಡ್ಡ ಜೀವಸಂಚಾರ. ಕಲ್ಲಿನೊಳಗಿನ ಕಪ್ಪೆಯ ಮಾತನ್ನು ಹಿರಿಯರ ಬಾಯಿಂದ ಕೇಳದವರಿಲ್ಲ, ಆದರೆ ಕಲ್ಲನ್ನು ಒಡೆದು ಕಪ್ಪೆಯನ್ನು ಕಂಡವರು ವಿರಳ. ಕಡಲಿನಲ್ಲಿ ಮಾತ್ರ ಈ ಮಾತನ್ನು ನಿಜಮಾಡುವ ಒಂದು ಬಗೆಯ ಕಲ್ಲುಂಟು. ಅದರ ಸಂದುಗಳಲ್ಲಿ ಹುಳು, ಏಡಿ, ಸೀಗಡಿ, ಪಾಚಿ, ಕಡಲ ಹೂಗಳು ತುಂಬಿರುತ್ತವೆ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಅದರಲ್ಲಿ ಉಪ್ಪುನೀರಿನ ಮೀನುಗಳನ್ನು ಸಾಕುವವರು ಇದನ್ನು ‘ಲೈವ್ ರಾಕ್’ ಎನ್ನುತ್ತಾರೆ. ನಾವು ಜೀವಶಿಲೆ ಎನ್ನೋಣ.

ಹವಳದ ಪುಟ್ಟ ಜೀವಿಗಳು ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟುತ್ತವೆ. ಅವು ಸತ್ತ ಮೇಲೆ ಉಳಿಯುವ ಸುಣ್ಣಕಲ್ಲಿನ ತುಂಡುಗಳೇ ಜೀವಶಿಲೆ. ಜೀವಿಗಳು ಕಲ್ಲನ್ನು ಕಟ್ಟುವುದು ಕಡಲಿನಿಂದ ಸುಮಾರು ೨೦೦ ಕಿಲೋಮೀಟರು ದೂರದ ನಮ್ಮ ಜಿಲ್ಲೆಗೂ ಹೊಸತಲ್ಲ. ಹಿರಿಯೂರಿನ ದಿಕ್ಕಿನಲ್ಲಿರುವ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಲಾವಾಶಿಲೆಯು ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ ತಣಿದು ಗಟ್ಟಿಯಾದುದು; ಇಂದು ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚಿತ್ರದುರ್ಗದ ಶಿಲಾಪಟ್ಟಿಯ ಪ್ರಾಚೀನ ಸುಣ್ಣಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳೂ ದೊರೆತಿವೆ. ನಮ್ಮವು ಬಾಡಿಗೆದಾರರು ಬಿಟ್ಟುಹೋದ ಮನೆಗಳು. ಹವಳದ ದಿಬ್ಬದ ಕಲ್ಲಿನಲ್ಲಿ ಬಾಡಿಗೆದಾರರು ಇನ್ನೂ ಇದ್ದಾರೆ.

ತೊಟ್ಟಿಯೊಳಗೆ ಈ ಕಲ್ಲೇಕೆ? ಮೀನಿನ ಮಲಮೂತ್ರಗಳಿಂದ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೇ ವಿಷ. ಕಲ್ಲಿನ ಮೇಲ್ಮೈಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿ ಬೇರೊಂದು ಜಾತಿಯವು ನೈಟ್ರೇಟನ್ನು ಒಡೆದು ಸಾರಜನಕದ ಅನಿಲವನ್ನಾಗಿ ಬಿಟ್ಟುಬಿಡುತ್ತವೆ. ಬ್ಯಾಕ್ಟೀರಿಯಗಳಿಗೆ ಹೀಗೆ ಆಶ್ರಯ ಕೊಟ್ಟ ರಂಧ್ರಗಳೇ ಇತರರಿಗೂ ಆಶ್ರಯ ಕೊಡುತ್ತವೆ. ಬರುವಾಗ ಅವು ಮೊಟ್ಟೆಯಾಗಿರಬಹುದು, ಮರಿಯಾಗಿರಬಹುದು, ಸಂದಿನ ಆಳದಲ್ಲಿ ಮುದುಡಿ ಕುಳಿತ ಹುಳುವಾಗಿರಬಹುದು. ೨೦೦೯ರಲ್ಲಿ ಇಂಗ್ಲೆಂಡಿನ ನ್ಯೂಕಿ ಪಟ್ಟಣದ ಸಾರ್ವಜನಿಕ ಮತ್ಸ್ಯಾಲಯದಲ್ಲಿ ಹವಳಗಳನ್ನು ಯಾರೋ ಕಡಿದುಹಾಕುತ್ತಿರುವುದು ಕಂಡುಬಂದಿತು. ಕೊನೆಗೆ ಕಲ್ಲುಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಸಿಕ್ಕಿದ್ದು ಸುಮಾರು ನಾಲ್ಕು ಅಡಿ ಉದ್ದದ ಒಂದು ಕಡಲ ಹುಳು!

ಅತಿಥಿಯು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುವುದೂ ಉಂಟು. ನನ್ನ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಬಂಧುಗಳ ಮನೆಯಲ್ಲಿ ಇಂಥ ತೊಟ್ಟಿಯನ್ನು ನೋಡಿ ಬಂದು, “ಸಾರ್, ರಾತ್ರಿ ಅದರೊಳಗಿಂದ ‘ಟಕ್’ ಎಂದು ಸದ್ದು ಬರುತ್ತದೆ. ಗಾಜು ಬಿರಿಯುತ್ತಿದೆಯೆಂದು ಮನೆಯವರೆಲ್ಲ ಎದ್ದು ಕುಳಿತಿದ್ದರು” ಎಂದನು. ಗಾಜು ಬಿರಿದಿರಲಿಲ್ಲ. ಅಂಥ ಸದ್ದು ಪಿಸ್ತೂಲು ಸೀಗಡಿಯದು. ಬೆರಳುದ್ದದ ಈ ಪ್ರಾಣಿಯ ಎರಡು ಇಕ್ಕುಳಗಳಲ್ಲಿ ಒಂದು ಬಹಳ ದೊಡ್ಡದು. ಅದನ್ನು ಥಟ್ಟನೆ ಮುಚ್ಚಿದಾಗ ಒಂದು ಬೆರಳಿನ ಉಬ್ಬು ಇನ್ನೊಂದರ ಗುಳಿಯೊಳಕ್ಕೆ ಹೊಕ್ಕು ಅಲ್ಲಿದ್ದ ನೀರನ್ನು ಪಿಚಕಾರಿಯಂತೆ ಹೊರಕ್ಕೆ ತಳ್ಳುತ್ತದೆ.

ಇಕ್ಕುಳದ ಬೆರಳುಗಳು ಒಂದಕ್ಕೊಂದು ತಾಗುವುದರಿಂದಲೇ ಸದ್ದು ಬರುತ್ತದೆಂದು ಬಹುಕಾಲ ನಂಬಲಾಗಿತ್ತು. ೨೦೦೦ದಲ್ಲಿ ವರ್ಸ್ಲೂಯಿಸ್, ಷ್ಮಿಟ್ಸ್, ಲೋಸೆ ಮೊದಲಾದವರು ಅತಿವೇಗದ ಛಾಯಾಗ್ರಹಣದಿಂದ ಇದು ತಪ್ಪೆಂದು ತೋರಿಸಿದರು. ನೀರಿನ ಧಾರೆಯ ವೇಗ ಸೆಕೆಂಡಿಗೆ ಸುಮಾರು ೨೫ ಮೀಟರು. ಬರ್ನೂಲಿಯ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಇಲ್ಲಿ ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ವೇಗದ ವರ್ಗವನ್ನು ನೀರಿನ ಸಾಂದ್ರತೆಯಿಂದ ಗುಣಿಸಿ ಅರ್ಧಮಾಡಿದರೆ ಸುಮಾರು ೩,೧೨,೫೦೦ ಪ್ಯಾಸ್ಕಲ್, ಅಂದರೆ ಮೂರು ವಾಯುಭಾರಗಳಷ್ಟು ಒತ್ತಡ ಬರುತ್ತದೆ. ತೊಟ್ಟಿಯ ನೀರಿನಲ್ಲಿರುವುದೋ ಒಂದು ವಾಯುಭಾರಕ್ಕಿಂತ ತುಸು ಹೆಚ್ಚು. ಧಾರೆಯ ಸುತ್ತ ನೀರು ಸುಳಿಯುವ ಸ್ಥಳದಲ್ಲಿ ಒತ್ತಡವು ಎಷ್ಟು ಕುಸಿಯುತ್ತದೆಂದರೆ ನೀರು ತಣ್ಣಗಿದ್ದಂತೆಯೇ ಆವಿಯಾಗಿ ಗುಳ್ಳೆಯೇಳುತ್ತದೆ. ಅಡಿಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ ನಡೆಯುವುದಕ್ಕೆ ಇದು ತದ್ವಿರುದ್ಧ. ಮರುಕ್ಷಣವೇ ಸುತ್ತಲಿನ ನೀರು ಗುಳ್ಳೆಯನ್ನು ಹಿಸುಕಿಬಿಡುತ್ತದೆ. ನಾವು ಕೇಳುವ ‘ಟಕ್’ ಅದೇ. ಹಡಗಿನ ಚಾಲಕಚಕ್ರಗಳನ್ನು ಕೊರೆದು ಹಾಳುಮಾಡುವುದೂ ಇಂಥ ಗುಳ್ಳೆಗಳೇ. ಗುಳ್ಳೆ ಕುಸಿಯುವಾಗ ಹುಟ್ಟುವ ಒತ್ತಡವನ್ನು ರೇಲೀ ಪ್ರಭುವು ೧೯೧೭ರಲ್ಲಿಯೇ ಲೆಕ್ಕಹಾಕಿದ್ದನು. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಸದ್ದಿಗಾಗಿ ಕಡಲಿಗೆ ಕಿವಿಗೊಟ್ಟವರನ್ನು ಕಾಡಿದ ಚಟಪಟ ಶಬ್ದವೂ ಈ ಸೀಗಡಿಗಳ ಹಿಂಡಿನದೇ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಬಲ್ಲಿರಿ. ಗುಳ್ಳೆಯೊಳಗಿನ ಅನಿಲವೂ ಹಾಗೆಯೇ ಬಿಸಿಯಾಗುತ್ತದೆ, ಆದರೆ ಕಡಮೆಯೆಂದರೂ ೫,೦೦೦ ಕೆಲ್ವಿನ್ನಿನಷ್ಟು! ಸೂರ್ಯನ ಮೇಲ್ಮೈ ಇದಕ್ಕಿಂತ ಬಹಳವೇನೂ ಹೆಚ್ಚಿಲ್ಲ. ಆಗ ಹೊಮ್ಮುವ ಮಿಂಚನ್ನು ೨೦೦೧ರಲ್ಲಿ ಉಪಕರಣಗಳಿಂದ ಗುರುತಿಸಲಾಯಿತು. ನಮ್ಮ ಕಣ್ಣಿಗೆ ಅದು ತೀರ ಮಂದ, ತೀರ ಕ್ಷಣಿಕ.

ಇದೇ ವಿದ್ಯೆಯ ಇನ್ನೊಬ್ಬ ಪಂಡಿತ ಮ್ಯಾಂಟಿಸ್ ಸೀಗಡಿ. ಇದರ ಒಂದು ಪಂಗಡವು ಮಂಗಳೂರಿನ ಟ್ರಾಲ್ ದೋಣಿಗಳ ಬಲೆಗೆ ಬೇಡದ ಸರಕಾಗಿ ಬೀಳುತ್ತಿರುತ್ತದೆ. ಅದು ಈಟಿಯಂತೆ ಚುಚ್ಚುವ ಪಂಗಡ. ಕಲ್ಲಿನಲ್ಲಿ ಅಡಗಿ ಬರುವುದು ಸುತ್ತಿಗೆಯಂತೆ ಹೊಡೆಯುವ ಪಂಗಡ. ಷೀಲಾ ಪಾಟೆಕ್ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಅಳತೆಯಂತೆ ಅದರ ಹೊಡೆತದ ವೇಗ ಸೆಕೆಂಡಿಗೆ ೧೪ರಿಂದ ೨೩ ಮೀಟರು. ಸ್ನಾಯುವೊಂದರಿಂದಲೇ ಇದು ಸಾಧ್ಯವಿಲ್ಲ. ಬಿಲ್ಲನ್ನು ಮೆಲ್ಲಗೆ ಎಳೆದು ಥಟ್ಟನೆ ಬಿಡುವಂತೆ, ಜೀನಿನ ಆಕಾರದ ಒಂದು ಚಿಪ್ಪಿನಲ್ಲಿ ಶಕ್ತಿಯನ್ನು ಕೂಡಿಟ್ಟು ಒಮ್ಮೆಲೇ ಬಿಡುತ್ತದೆ. ಬೆಳಗಾದಾಗ ತೊಟ್ಟಿಯಲ್ಲಿ ಬಸವನಹುಳುವಿನ ಒಡೆದ ಚಿಪ್ಪುಗಳು ಬಿದ್ದಿದ್ದರೆ ಕಳ್ಳನಾರೆಂದು ಊಹಿಸಬಹುದು.

ಸದ್ದು ಮಾಡುವವರಿಗಿಂತ ಸದ್ದಿಲ್ಲದವರ ವಿಷಯದಲ್ಲಿಯೇ ಎಚ್ಚರ ಬೇಕು. ಐಪ್ಟೇಸಿಯ ಎಂಬ ಕಂದು ಬಣ್ಣದ ಕಡಲ ಹೂವನ್ನು ಕಿತ್ತರೆ ಉಳಿದ ಚೂರು ಮತ್ತೆ ಬೆಳೆಯುತ್ತದೆ. ಇದು ಬರಿಯ ಪೀಡೆ. ಪಾಲಿಥೋವ ಎಂಬ, ಗುಂಡಿಗಳನ್ನು ಹೊಲಿದಂತೆ ಕಲ್ಲಿಗಂಟಿದ ಜೀವಿ ಪ್ರಾಣಕ್ಕೇ ಅಪಾಯ. ಇದರ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹವಾಯಿಯ ವಿಜ್ಞಾನಿಗಳು ೧೯೭೧ರಲ್ಲಿ ಇದನ್ನು ಬೇರ್ಪಡಿಸಿದರು. ನಮ್ಮ ಜೀವಕೋಶಗಳು ಸೋಡಿಯಂ ಅಯಾನುಗಳನ್ನು ಹೊರಕ್ಕೂ ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೂ ಸಾಗಿಸುವ ಪಂಪನ್ನು ಇದು ಸದಾ ತೆರೆದ ಬಾಗಿಲಾಗಿ ಮಾಡುತ್ತದೆ. ಕೋಶದ ವ್ಯವಸ್ಥೆಯೇ ಕುಸಿಯುತ್ತದೆ. ಬೇಡದ ಜೀವಿಗಳನ್ನು ಕೊಲ್ಲಲೆಂದು ಕಲ್ಲನ್ನು ಕುದಿಸಿ, ಎದ್ದ ಹಬೆಯನ್ನು ಉಸಿರಾಡಿ, ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ದಾಖಲಾಗಿವೆ. ಜೀವಶಿಲೆಯನ್ನು ಎಂದಿಗೂ ಕುದಿಸಬಾರದು, ಕೈಗವಸಿಲ್ಲದೆ ಕೆರೆಯಲೂಬಾರದು.

ಬೇಡದ ಅತಿಥಿಯನ್ನು ಹೊರಗೆ ಬಿಟ್ಟರಾಯಿತೆಂದು ಕೆಲವರು ಭಾವಿಸಬಹುದು. ಚಿತ್ರದುರ್ಗದ ಸಂತೆಹೊಂಡದಲ್ಲಿ ಬಿಟ್ಟರೆ ಆಸ್ಮೋಸಿಸ್ಸಿನಿಂದ ಸಿಹಿನೀರು ಮೈಯೊಳಕ್ಕೆ ನುಗ್ಗಿ ಅದು ಸಾಯುತ್ತದೆ. ಕಾರವಾರದಲ್ಲಿಯೋ ಮಲ್ಪೆಯಲ್ಲಿಯೋ ಬಿಟ್ಟರೆ ಬದುಕಿ ಬೆಳೆಯಬಹುದು, ತೊಂದರೆಯಿರುವುದೇ ಅಲ್ಲಿ. ೧೯೮೪ರಲ್ಲಿ ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಮೊದಲು ಕಂಡ ಕೌಲರ್ಪ ಎಂಬ ಪಾಚಿಯು ಮುಂದೆ ಮೆಡಿಟರೇನಿಯನ್ ತೀರದ ಎಷ್ಟೋ ಭಾಗವನ್ನು ಮುಸುಕಿತು.

ಹಾಗೆಯೇ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಪ್ರವಾಸ ಹೋದವರು ಹವಳದ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡು ಬರುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಹವಳಗಳು ಸೇರಿವೆ. ಹುಲಿಗಿರುವಷ್ಟೇ ರಕ್ಷಣೆ ಅವಕ್ಕೂ ಇದೆ. ಒಣಗಿದ ರಂಧ್ರಮಯ ಕಲ್ಲನ್ನೋ ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲನ್ನೋ ಇಟ್ಟು ಬ್ಯಾಕ್ಟೀರಿಯಗಳನ್ನು ಬೆಳೆಸಿಕೊಂಡರೆ ಕೆಲವು ವಾರಗಳಲ್ಲಿ ಅದೇ ಕೆಲಸ ನಡೆಯುತ್ತದೆ. ನನಗೆ ಇದೇ ಸರಿಯಾದ ದಾರಿಯೆಂದು ತೋರುತ್ತದೆ.

ಆ ತೊಟ್ಟಿಯಲ್ಲಿಯೂ, ಬೇರೆ ತೊಟ್ಟಿಯಿಂದ ತಂದ ಒಂದು ಹಿಡಿ ಮರಳಿನೊಡನೆ ಯಾರಾದರೂ ಬಂದೇ ಬರುತ್ತಾರೆ. ಅವರನ್ನು ನೋಡಬೇಕೆಂದರೆ ದೀಪವಾರಿಸಿ ಒಂದು ಗಂಟೆ ಕಾದು, ಬ್ಯಾಟರಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಬೆಳಕು ಹಾಯಿಸಬೇಕು. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುವುದರಿಂದ ಕಡಲಿನ ಅನೇಕ ಪ್ರಾಣಿಗಳಿಗೆ ಆ ಬಣ್ಣ ಅಷ್ಟಾಗಿ ಕಾಣದು. ಆಗ ಕಲ್ಲಿನ ಸಂದಿನಿಂದ ಗುಲಾಬಿ ಬಣ್ಣದ ಬಿರುಗೂದಲ ಹುಳುಗಳು ಮೆಲ್ಲನೆ ಹೊರಬಂದು, ಮೀನು ತಿಂದು ಉಳಿದುದನ್ನು ಹುಡುಕಿ ತಿನ್ನುವುದು ಕಾಣುತ್ತದೆ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು, ತೊಟ್ಟಿಯ ಜಾಡಮಾಲಿಗಳು. ಮುಟ್ಟಿದರೆ ಮಾತ್ರ ಅವುಗಳ ಕೂದಲು ಪಾಪಾಸುಕಳ್ಳಿಯ ಸಣ್ಣ ಮುಳ್ಳಿನಂತೆ ಬೆರಳಿಗೆ ನೆಟ್ಟು ಎರಡು ದಿನ ಉರಿಯುತ್ತದೆ.