ಪಕ್ಕದ ಮನೆಯ ಪೆನ್‌ಡ್ರೈವ್

ನಮ್ಮ ಕಂಪ್ಯೂಟರ್‌ಗೆ ವಯಸ್ಸಾಯಿತು ಎಂದು ಹೇಳಿದ್ದು ಕಂಪ್ಯೂಟರೇ. 2025ರ ಅಕ್ಟೋಬರ್, ಒಂದು ಗುರುವಾರ ರಾತ್ರಿ. ಕತಾರಿನಲ್ಲಿ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಗುರುವಾರ ರಾತ್ರಿಯೆಂದರೆ ಮನೆಮನೆಯಲ್ಲೂ ಹುಡುಗರ ಗೇಮಿಂಗ್ ಜಾಗರಣೆ. ಹತ್ತನೇ ಕ್ಲಾಸಿನ ಮಗ ಹೆಡ್‌ಫೋನ್ ಕತ್ತಿಗಿಳಿಸಿ ಕರೆದ: "ಅಪ್ಪ, ಇನ್ನೈದೇ ದಿನವಂತೆ."

ಪರದೆಯಲ್ಲಿ ಎರಡು ಸಾಲು. ವಿಂಡೋಸ್ 10ರ ಕಾಲ ಮುಗಿಯುತ್ತ ಬಂತು, ಈ ಪಿಸಿಗೆ ವಿಂಡೋಸ್ 11 ಹಾಕುವ ಅರ್ಹತೆ ಇಲ್ಲ. ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಹತ್ತರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲಿಸಲಿತ್ತು. ಹನ್ನೊಂದಕ್ಕೋ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಮ್ಮದು ಏಳನೆಯದು. ಏಳನೇ ಕ್ಲಾಸು ಪಾಸಾದವನನ್ನು ಎಂಟಕ್ಕೆ ಸೇರಿಸಿಕೊಳ್ಳದ ಹಾಗಾಯಿತು.

ಯಂತ್ರಕ್ಕೆ ಏನೂ ಆಗಿರಲಿಲ್ಲ, ಅದೇ ಸಿಟ್ಟು. ನಾವಿರುವುದು ಮದೀನತ್ ಖಲೀಫಾ ದಕ್ಷಿಣದ ಹಳೆಯ ವಿಲ್ಲಾವೊಂದರ ಮೇಲ್ಮಹಡಿಯಲ್ಲಿ. ದೋಹಾದ ಧೂಳು ರಾಗಿಹಿಟ್ಟಿಗಿಂತ ನಯ. ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ವರ್ಷಕ್ಕೆರಡು ಸಲ ಪಕ್ಕದ ತಗಡು ಬಿಚ್ಚಿ, ಬ್ರಷ್ ಆಡಿಸಿ, ಊದಿ, ಎಂಟು ವರ್ಷ ಸಾಕಿದ ಪೆಟ್ಟಿಗೆ ಅದು. 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಇನ್ನೊಂದು ವರ್ಷದ ಮಟ್ಟಿಗೆ ಅಪ್‌ಡೇಟ್ ಪಡೆಯುವ ದಾರಿಯನ್ನು ಕಂಪನಿಯೇ ಇಟ್ಟಿತ್ತು, ನಿಜ. ಆದರೆ ಅದು ವೀಸಾ ಮುಗಿದವನಿಗೆ ಸಿಗುವ ಗ್ರೇಸ್ ಪೀರಿಯಡ್ ಇದ್ದಂತೆ. ಗಲ್ಫಿನಲ್ಲಿರುವವರಿಗೆ ಆ ಮಾತಿನ ರುಚಿ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಿಂಟ್ ತೆಗೆಸಿಕೊಳ್ಳಲು ಬಂದಿದ್ದ ಕೆಳಮನೆಯ ಹೆಣ್ಣುಮಗಳು ನಮ್ಮ ಚರ್ಚೆ ಕೇಳಿಸಿಕೊಂಡಳು. ಕಾಸರಗೋಡಿನ ಬದಿಯಡ್ಕದ ಕಡೆಯವಳು, ಇಲ್ಲಿ ಲ್ಯಾಬ್ ಟೆಕ್ನಿಷಿಯನ್. "ಅದಕ್ಕೆ ಎಂತ ಅಣ್ಣ, ಲಿನಕ್ಸ್ ಹಾಕಿದರಾಯ್ತಲ್ಲ? ನಾವು ಶಾಲೆಯಲ್ಲಿ ಕಲಿತದ್ದೇ ಅದರಲ್ಲಿ. ಬೇಕಾದರೆ ನನ್ನ ಹತ್ತಿರ ಪೆನ್‌ಡ್ರೈವ್ ಉಂಟು."

ಇಪ್ಪತ್ತು ವರ್ಷದಿಂದ ಪ್ರಾಜೆಕ್ಟ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆಯೇ ಕುಳಿತ ಎಂಜಿನಿಯರ್ ನಾನು. ಲಿನಕ್ಸ್ ಎಂದರೆ ಸರ್ವರ್ ಕೋಣೆಯ ಸಾಮಾನು, ಕಪ್ಪು ಪರದೆಯ ಮೇಲೆ ಗಡ್ಡದವರು ಬಡಿಯುವ ವಿದ್ಯೆ ಎಂದೇ ತಿಳಿದಿದ್ದೆ. ಆಕೆಗೋ ಅದು ಹತ್ತನೇ ಕ್ಲಾಸಿನ ಪಾಠ.

ಇದರ ಹಿಂದೊಂದು ಕತೆಯಿದೆ, ಕನ್ನಡದವರು ಅಷ್ಟಾಗಿ ಹೇಳಿಕೊಳ್ಳದ ಕತೆ. ಕೇರಳ ಸರ್ಕಾರ 2001ರಲ್ಲಿ ‘ಐಟಿ@ಸ್ಕೂಲ್’ ಯೋಜನೆ ಶುರುಮಾಡಿತು. ಅದೇ ವರ್ಷ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದಿದ್ದರು. ಮೊದಮೊದಲು ವಿಂಡೋಸ್ ಮೇಲೆ ನಡೆದ ಪಾಠ, ಶಿಕ್ಷಕ ಸಂಘಟನೆಗಳ ಒತ್ತಾಯವೂ ಸೇರಿ, ಲಿನಕ್ಸ್ ಕಡೆ ಹೊರಳಿತು. ಆ ದಶಕ ಮುಗಿಯುವ ಮೊದಲೇ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಕೂಡ ಅದರಲ್ಲೇ. 2017ರಲ್ಲಿ ಯೋಜನೆಯು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಆಧರಿಸಿ ಅವರೇ ಸಿದ್ಧಮಾಡುವ ಲಿನಕ್ಸನ್ನು 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಹಾಕುವುದಾಗಿಯೂ, ಲೈಸೆನ್ಸ್ ಲೆಕ್ಕದಲ್ಲಿ 3000 ಕೋಟಿ ರೂಪಾಯಿ ಉಳಿಯುತ್ತದೆಂದೂ ಹೇಳಿಕೊಂಡರು. ಕೋಟಿಯ ಲೆಕ್ಕ ಅವರದ್ದು, ಹಾಗೇ ಇಟ್ಟುಕೊಳ್ಳೋಣ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಕೇರಳದ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮಾಧ್ಯಮದ ಮಕ್ಕಳು ಜಿಂಪ್, ಇಂಕ್‌ಸ್ಕೇಪ್, ಜಿಯೋಜಿಬ್ರಾ, ಲಿಬ್ರೆಆಫೀಸ್‌ಗಳ ಪಾಠವನ್ನು ಕನ್ನಡದಲ್ಲೇ ಓದಿ ಬೆಳೆಯುತ್ತಾರೆ.

ತಲಪಾಡಿ ಗಡಿ ಗೇಟಿನ ಈಚೆ, ಕರ್ನಾಟಕದಲ್ಲಿ? ಇಲ್ಲಿ ಕನ್ನಡ ಟೈಪಿಂಗ್ ಎಂದರೆ ವಿಂಡೋಸ್ ಎಂದೇ ಆಯಿತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಎರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಎರಡೂ ವಿಂಡೋಸ್‌ನ ಹಟ್ಟಿಯಲ್ಲಿ ಕಟ್ಟಿದ ಹಸುಗಳೇ. ಡಿಟಿಪಿ ಅಂಗಡಿ, ಪಂಚಾಯಿತಿ ಕಚೇರಿ, ಪತ್ರಿಕಾಲಯ ಎಲ್ಲವೂ ಅಲ್ಲಿಗೇ ಕಟ್ಟುಬಿದ್ದವು. 2011ರ ನಂತರ ಐಟಿ ಫಾರ್ ಚೇಂಜ್ ಸಂಸ್ಥೆ ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವಿನಲ್ಲಿ ತರಬೇತಿ ಕೊಟ್ಟದ್ದುಂಟು. ಆದರೂ ಕೇರಳದಲ್ಲಿ ಆದಂತೆ ಊರಿಗೊಬ್ಬ, ಮನೆಗೊಬ್ಬ ಲಿನಕ್ಸ್ ಬಲ್ಲವರು ನಮ್ಮಲ್ಲಿ ಹುಟ್ಟಲಿಲ್ಲ.

ಶುಕ್ರವಾರ ಮಧ್ಯಾಹ್ನ ಪೆನ್‌ಡ್ರೈವ್ ಬಂತು. ಅದರೊಳಗೆ ಲಿನಕ್ಸ್ ಮಿಂಟ್. ಉಬುಂಟು, ಫೆಡೋರಾ, ಮಿಂಟ್ ಎಲ್ಲಕ್ಕೂ ಒಳಗಿನ ತಿರುಳು ಒಂದೇ, ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯತೊಡಗಿದ ಕರ್ನೆಲ್. ನಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ ವಂಶದ್ದು. ಯಂತ್ರ ಆನ್ ಮಾಡುವಾಗ ಎಫ್12 ಒತ್ತಿ, ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ, ಹಾರ್ಡ್‌ಡಿಸ್ಕಿನ ಒಂದು ಅಕ್ಷರವನ್ನೂ ಮುಟ್ಟದೆ ಪೂರ್ತಿ ಡೆಸ್ಕ್‌ಟಾಪ್ ಎದ್ದು ನಿಲ್ಲುತ್ತದೆ. ಮದುವೆಗೆ ಮುಂಚೆ ಹೆಣ್ಣು ನೋಡುವ ಶಾಸ್ತ್ರ ಇದು. ವೈಫೈ ಸಿಕ್ಕಿತಾ, ಸೌಂಡ್ ಬಂತಾ, ಪ್ರಿಂಟರ್ ಕಾಣಿಸಿತಾ ಎಂದು ನೋಡಿಕೊಂಡು ಮುಂದುವರಿಯಬಹುದು, ಇಲ್ಲವೇ ಕಾಫಿ ಕುಡಿದು ಎದ್ದು ಬರಬಹುದು.

ಪ್ರಿಂಟರ್ ತಾನಾಗಿ ಕಾಣಿಸಿತು, ಯಾವ ಸಿಡಿಯನ್ನೂ ಕೇಳಲಿಲ್ಲ. ವೈಫೈ ಮಾತ್ರ ಇಲ್ಲ. ಹಿಂದೆ ಅಗ್ಗಕ್ಕೆ ಕೊಂಡ ಯುಎಸ್‌ಬಿ ಡಾಂಗಲ್ ಸತ್ತಂತೆ ಬಿದ್ದಿತ್ತು. "ಫೋನಿಗೆ ಕೇಬಲ್ ಹಾಕಿ, ಯುಎಸ್‌ಬಿ ಟೆಥರಿಂಗ್ ಕೊಡಿ" ಎಂದಳು ಕೆಳಮನೆಯವಳು. ಫೋನಿನ ಇಂಟರ್ನೆಟ್ಟಲ್ಲೇ ಡಾಂಗಲಿನ ಡ್ರೈವರ್ ಇಳಿಯಿತು. ನಾನೊಬ್ಬನೇ ಇದ್ದಿದ್ದರೆ ಅಷ್ಟಕ್ಕೇ ಪೆನ್‌ಡ್ರೈವ್ ಕಿತ್ತು, ‘ಇದು ನಮ್ಮಂಥವರಿಗಲ್ಲ’ ಎಂದು ತೀರ್ಪು ಕೊಟ್ಟಿರುತ್ತಿದ್ದೆ. ಎಷ್ಟೋ ಮನೆಗಳಲ್ಲಿ ಲಿನಕ್ಸ್ ಸೋಲುವುದು ಇಂಥ ಹತ್ತು ನಿಮಿಷದಲ್ಲಿ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದೆ.

ಮಿಂಟನ್ನು ಯಂತ್ರಕ್ಕೇ ಹಾಕಿಕೊಂಡಾಯಿತು. ಆಮೇಲೆ ಕನ್ನಡ. ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಎಂಬ ಹೆಸರು ನೋಡಿ ನಿಜಕ್ಕೂ ಬೆರಗಾದೆ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ನುಡಿಯಿಂದ ಮನೆಮಾತಾದ ಅದೇ ಕೀಲಿಮಣೆ ವಿನ್ಯಾಸ. ಯಾವ ತಂತ್ರಾಂಶವನ್ನೂ ಹೊಸದಾಗಿ ಇಳಿಸದೆ ಬೆರಳು ತನ್ನ ಹಳೆಯ ಚಾಳಿಯಲ್ಲೇ ಓಡಿತು. ಸಿಕ್ಕಿಬಿದ್ದದ್ದು ಹಳೆಯ ಕಡತಗಳಲ್ಲಿ. ನಮ್ಮ ಬಳಗದ ರಾಜ್ಯೋತ್ಸವದ ಆಮಂತ್ರಣವನ್ನು ಹಿಂದೊಮ್ಮೆ ನುಡಿಯ ಆಸ್ಕಿ ಅಕ್ಷರದಲ್ಲಿ ಮಾಡಿಟ್ಟಿದ್ದೆ. ಇಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ. ದೋಷ ಲಿನಕ್ಸಿನದಲ್ಲ, ಯೂನಿಕೋಡ್ ಬರುವ ಮೊದಲಿನ ವ್ಯವಸ್ಥೆಯದ್ದು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟ್‌ಗಳನ್ನು ಮಾಡಿದ ಅರವಿಂದ ವಿ.ಕೆ. ಅವರೇ ಬರೆದ ಆಸ್ಕಿ-ಯೂನಿಕೋಡ್ ಪರಿವರ್ತಕ ಇದೆ. ಅದರಲ್ಲಿ ಹಾಕಿ ತೆಗೆದಾಗ ಆಮಂತ್ರಣ ಮತ್ತೆ ಕನ್ನಡವಾಯಿತು.

ಮಿಕ್ಕ ದಿನಬಳಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹೇಳುವುದೇನೂ ಇಲ್ಲ. ಬ್ಯಾಂಕು, ಇಮೇಲ್, ಯೂಟ್ಯೂಬು, ಊರಿಗೆ ವಿಡಿಯೊ ಕಾಲ್, ಮಗನ ಪೈಥಾನ್ ಹೋಮ್‌ವರ್ಕ್ ಎಲ್ಲ ಬ್ರೌಸರ್‌ನಲ್ಲೋ ಅದರ ಪಕ್ಕದಲ್ಲೋ ನಡೆಯುವಂಥದ್ದು. ಹೆಂಡತಿಗೆ ಒಂದು ವಾರ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕೆಟ್ಟದ್ದು ನನ್ನ ಆಫೀಸಿನ ಎಕ್ಸೆಲ್ ಹಾಳೆ ಮಾತ್ರ. ಅದರೊಳಗಿನ ಮ್ಯಾಕ್ರೋಗಳು ಲಿಬ್ರೆಆಫೀಸಿನಲ್ಲಿ ಮುಷ್ಕರ ಹೂಡಿದವು. ಫೋಟೋಶಾಪೋ ಪ್ರೀಮಿಯರೋ ಹೊಟ್ಟೆಪಾಡಾಗಿರುವವರೂ ಇತ್ತ ಬರಬಾರದು, ಅಡೋಬಿ ಅವನ್ನು ಲಿನಕ್ಸಿಗೆ ಮಾಡುವುದಿಲ್ಲ. ಜಿಂಪ್ ಇದೆಯಲ್ಲ ಎಂದು ಅವರಿಗೆ ಉಪದೇಶಿಸುವುದು ಅಡುಗೆಯವನಿಗೆ ಸೌಟು ಬದಲಿಸು ಎಂದು ಹೇಳಿದ ಹಾಗೆ.

ಇನ್ನು ಮಗನ ಮೊಕದ್ದಮೆ. ಮುಖ್ಯ ಕಕ್ಷಿದಾರ ಅವನೇ.

ವಿಂಡೋಸಿಗೆಂದೇ ಮಾಡಿದ ಆಟ ಲಿನಕ್ಸಿನಲ್ಲಿ ಹೇಗೆ ಓಡುತ್ತದೆ? ಗಲ್ಫಿನಲ್ಲಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲಿ ಬೀದಿಬೀದಿಗೆ ಟೈಪಿಂಗ್ ಸೆಂಟರ್ ಇವೆ. ನಿಮಗೆ ಅರಬ್ಬಿ ಬಾರದು, ಕೌಂಟರಿನವರಿಗೆ ಕನ್ನಡ ಬಾರದು. ಟೈಪಿಂಗ್ ಸೆಂಟರಿನವನು ನೀವು ಮುರುಕು ಹಿಂದಿಯಲ್ಲಿ ಹೇಳಿದ್ದನ್ನು ಅರಬ್ಬಿ ಅರ್ಜಿಯಾಗಿ ಬಡಿದು ಕೊಡುತ್ತಾನೆ, ಕೌಂಟರಿನಲ್ಲಿ ಕೆಲಸ ಆಗುತ್ತದೆ. ‘ಪ್ರೋಟಾನ್’ ಅಂಥ ಒಂದು ಟೈಪಿಂಗ್ ಸೆಂಟರ್. 1993ರಿಂದ ಬೆಳೆಯುತ್ತ ಬಂದ ‘ವೈನ್’ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿ, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯ ಒಡೆಯ ವಾಲ್ವ್ ಕಂಪನಿ ಅದನ್ನು 2018ರ ಆಗಸ್ಟ್‌ನಲ್ಲಿ ತೆರೆಯಿತು. ಆಟ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಚಿತ್ರ ಕೇಳುತ್ತದೆ, ‘ಡಿಎಕ್ಸ್‌ವಿಕೆ’ ಎಂಬ ಭಾಗ ಅದನ್ನು ಅಲ್ಲಿಂದಲ್ಲಿಗೇ ‘ವಲ್ಕನ್’ ಭಾಷೆಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುತ್ತದೆ.

ವಾಲ್ವ್‌ಗೆ ಇದರಲ್ಲಿ ಧರ್ಮಕಾರ್ಯದ ಉತ್ಸಾಹವೇನಿಲ್ಲ. 2012ರಲ್ಲೇ ಅದರ ಮುಖ್ಯಸ್ಥ ಗೇಬ್ ನ್ಯೂವೆಲ್ ವಿಂಡೋಸ್ 8 ನೋಡಿ ಗಾಬರಿಯಾಗಿದ್ದರು. ಇನ್ನೊಬ್ಬರ ಜಾಗದಲ್ಲಿ ಅಂಗಡಿ ಇಟ್ಟವರ ಭಯ ಅದು. 2015ರಲ್ಲಿ ಮಾರುಕಟ್ಟೆಗೆ ಬಂದ ಅವರ ಲಿನಕ್ಸ್ ಗೇಮಿಂಗ್ ಪೆಟ್ಟಿಗೆ ‘ಸ್ಟೀಮ್ ಮಷೀನ್’ಗಳು ನೆಲಕಚ್ಚಿದವು, ಆಡಲು ಸಾಕಷ್ಟು ಆಟಗಳೇ ಇರಲಿಲ್ಲ. ಆ ಪೆಟ್ಟಿನಿಂದ ಕಲಿತು ಪ್ರೋಟಾನ್ ಕಟ್ಟಿದರು, 2022ರ ಫೆಬ್ರುವರಿಯಲ್ಲಿ ಕೈಯಲ್ಲಿ ಹಿಡಿದು ಆಡುವ ‘ಸ್ಟೀಮ್ ಡೆಕ್’ ತಂದರು. ಅದರೊಳಗಿರುವುದು ಲಿನಕ್ಸ್. ಸ್ಟೀಮ್‌ನ ತಿಂಗಳ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವವರ ಪಾಲು ಮೊದಲ ಬಾರಿ ಶೇ 3 ದಾಟಿದ್ದು 2025ರ ಅಕ್ಟೋಬರ್‌ನಲ್ಲಿ, ನಮ್ಮ ಮನೆಯಲ್ಲಿ ಈ ರಾಮಾಯಣ ನಡೆಯುತ್ತಿದ್ದ ತಿಂಗಳಲ್ಲೇ. ನೂರಕ್ಕೆ ಮೂರು ಎಂದರೆ ನಗಬಹುದು. ಹಳೆಯ ಬಳಕೆದಾರರು ನಗುವುದಿಲ್ಲ, ವರ್ಷಗಟ್ಟಲೆ ಅದು ಒಂದರ ಆಸುಪಾಸಿನಲ್ಲೇ ತೆವಳಿದ್ದನ್ನು ಕಂಡವರು ಅವರು.

ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ನನಗೊಂದು ಅಳುಕಿತ್ತು. 2012ರಲ್ಲಿ ಫಿನ್ಲೆಂಡಿನ ವೇದಿಕೆಯೊಂದರಲ್ಲಿ ಟೊರ್ವಾಲ್ಡ್ಸ್ ಎನ್‌ವಿಡಿಯಾ ಕಂಪನಿಗೆ ಮಧ್ಯದ ಬೆರಳು ತೋರಿಸಿದ ವಿಡಿಯೊವನ್ನು ಮಗ ಮೊದಲೇ ತೋರಿಸಿಬಿಟ್ಟಿದ್ದ. ಆದರೆ ಮಿಂಟಿನ ಡ್ರೈವರ್ ಮ್ಯಾನೇಜರ್ ತೆರೆದು, ಒಂದು ಗುಂಡಿ ಒತ್ತಿ, ರೀಸ್ಟಾರ್ಟ್ ಮಾಡಿದ್ದಷ್ಟೇ ಕೆಲಸ. ಸ್ಟೀಮ್ ಹಾಕಿ ‘ವಿಚರ್ 3’ ಒತ್ತಿದ. ‘ಶೇಡರ್ ಸಿದ್ಧವಾಗುತ್ತಿದೆ’ ಎಂಬ ಪಟ್ಟಿ ಆಮೆಯಂತೆ ನಡೆಯಿತು. ಅವನು ಉಗುರು ಕಚ್ಚುತ್ತ ಕುಳಿತ. ಕುದುರೆಯ ಗೊರಸಿನ ಸದ್ದು ಬಂತು, ಹುಲ್ಲು ಗಾಳಿಗೆ ಬಳುಕಿತು. ಫ್ರೇಮ್ ಲೆಕ್ಕ ನೋಡಿ "ಅಪ್ಪ, ಅಷ್ಟೇ ಬರ್ತಿದೆ!" ಎಂದ. ಕೌಂಟರ್ ಸ್ಟ್ರೈಕ್ 2ಕ್ಕೆ ದುಭಾಷಿಯೂ ಬೇಡ, ಅದು ನೇರ ಲಿನಕ್ಸಿನದ್ದೇ. ಶುಕ್ರವಾರ ಸಂಜೆಯವರೆಗೆ ಮನೆಯಲ್ಲಿ ಹಬ್ಬ.

ರಾತ್ರಿ ಗೆಳೆಯರು ಬಂದರು, ಅಂದರೆ ಹೆಡ್‌ಫೋನಿನೊಳಗೆ. ನಜ್ಮಾದಿಂದ ಒಬ್ಬ, ವಕ್ರಾದಿಂದ ಇಬ್ಬರು. ಎಲ್ಲರಿಗೂ ಬೇಕಾದದ್ದು ‘ವ್ಯಾಲೊರಂಟ್’. ಅದು ಇಲ್ಲಿ ಓಡುವುದೇ ಇಲ್ಲ.

ಕೆಲವು ಕೌಂಟರುಗಳಲ್ಲಿ ಟೈಪಿಂಗ್ ಸೆಂಟರಿನ ಕಾಗದ ನಡೆಯುವುದಿಲ್ಲ, ಖುದ್ದು ಬಂದು ಬೆರಳಚ್ಚು ಕೊಡಿ ಎನ್ನುತ್ತಾರೆ. ವ್ಯಾಲೊರಂಟ್‌ನ ‘ವ್ಯಾನ್‌ಗಾರ್ಡ್’ ಅಂಥ ಕಾವಲುಗಾರ. ಮೋಸದಾಟ ಹಿಡಿಯಲು ಅದು ವಿಂಡೋಸಿನ ಕರ್ನೆಲ್‌ಗೇ, ಎಂದರೆ ಗರ್ಭಗುಡಿಗೇ ಇಳಿದು ಕೂರುತ್ತದೆ. ಲಿನಕ್ಸಿನಲ್ಲಿ ಆ ಗರ್ಭಗುಡಿಯನ್ನು ಯಾರು ಬೇಕಾದರೂ ಬಿಚ್ಚಿ ಮತ್ತೆ ಕಟ್ಟಿಕೊಳ್ಳಬಹುದು. ಮುಕ್ತತೆಯೆಂದು ನಾವು ಹೊಗಳುವ ಗುಣವನ್ನೇ ಆಟದ ಕಂಪನಿಗಳು ಕಳ್ಳಗಿಂಡಿ ಎನ್ನುತ್ತವೆ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎಂಬ ಎರಡು ದೊಡ್ಡ ಕಾವಲು ವ್ಯವಸ್ಥೆಗಳು 2021ರ ಸೆಪ್ಟೆಂಬರ್‌ನಲ್ಲೇ ಪ್ರೋಟಾನಿಗೆ ಬಾಗಿಲು ತೆರೆದವು. ಚಿಲಕ ತೆಗೆಯುವುದು ಬಿಡುವುದು ಆಯಾ ಆಟದವರ ಇಷ್ಟ. ‘ಫೋರ್ಟ್‌ನೈಟ್’ ತೆಗೆಯಲಿಲ್ಲ. ‘ಏಪೆಕ್ಸ್ ಲೆಜೆಂಡ್ಸ್’ ತೆಗೆದಿದ್ದ ಚಿಲಕವನ್ನು 2024ರ ಅಕ್ಟೋಬರ್ ಕೊನೆಗೆ ಮತ್ತೆ ಹಾಕಿತು. ‘ಜಿಟಿಎ 5’ರ ಕತೆಯ ಭಾಗ ಚೆನ್ನಾಗಿ ಓಡುತ್ತದೆ, ಆನ್‌ಲೈನ್ ಭಾಗಕ್ಕೆ 2024ರ ಸೆಪ್ಟೆಂಬರ್‌ನಿಂದ ಪ್ರವೇಶವಿಲ್ಲ. ಇವತ್ತು ಓಡುವ ಆಟ ನಾಳೆ ಓಡುತ್ತದೆಂಬ ಖಾತ್ರಿಯನ್ನು ಲಿನಕ್ಸ್ ಕೊಡಲಾರದು, ಏಕೆಂದರೆ ಕೀಲಿ ಅದರ ಕೈಯಲ್ಲಿಲ್ಲ.

ಕಂಪನಿಗಳ ವಾದ ಪೂರ್ತಿ ಸುಳ್ಳಲ್ಲ, ಮೋಸದಾಟ ಆಟದ ಖುಷಿಯನ್ನೇ ತಿಂದುಹಾಕುತ್ತದೆ. ಆದರೂ ಒಂದು ಆಟಕ್ಕಾಗಿ ಯಂತ್ರದ ಗರ್ಭಗುಡಿಯ ಬೀಗ ಒಪ್ಪಿಸುವುದು ನನಗೆ ಕಸಿವಿಸಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಅದೇ ಗರ್ಭಗುಡಿಯಲ್ಲಿ ಎಡವಿ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತ್ತು, ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟಿದ್ದರು. ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಗೌರವದಿಂದ ಕೇಳಿಸಿಕೊಂಡು, "ಸರಿ ಅಪ್ಪ, ಆದ್ರೆ ಅವ್ರು ಅಲ್ಲಿ ಆಡ್ತಿದ್ದಾರೆ" ಎಂದ. ವಾದ ಅಲ್ಲಿಗೆ ಮುಗಿಯಿತು. ಒಬ್ಬನೇ ಆಡುವವನಿಗೆ ಲಿನಕ್ಸ್ ಒಗ್ಗುತ್ತದೆ. ಗೆಳೆಯರ ಜೊತೆ ಆಡುವವನಿಗೆ, ಗೆಳೆಯರ ಆಟ ಯಾವುದೆಂದು ನೋಡಿಕೊಂಡೇ ಒಗ್ಗಬೇಕು.

ಈಗ ನಮ್ಮ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್. ಹೊಸ ಎಸ್‌ಎಸ್‌ಡಿಯಲ್ಲಿ ಮಿಂಟ್. ಹಳೆಯದರಲ್ಲಿ ಒಂದು ವರ್ಷದ ಗ್ರೇಸ್ ಪಡೆದ ವಿಂಡೋಸ್ 10, ಗುರುವಾರ ರಾತ್ರಿಗೆ ಮಾತ್ರ, ಅದರಲ್ಲಿ ಬ್ಯಾಂಕಿನ ಕೆಲಸ ಮಾಡುವಂತಿಲ್ಲ. ಆಫೀಸಿನ ಎಕ್ಸೆಲ್ ಆಫೀಸಿನಲ್ಲೇ ಉಳಿಯಿತು, ಹೆಂಡತಿ ಅದಕ್ಕೆ ಸಂತೋಷಪಟ್ಟಳು.

ಪೆನ್‌ಡ್ರೈವ್ ಇನ್ನೂ ಕೆಳಮನೆಗೆ ಮರಳಿಲ್ಲ. ಬಿನ್ ಒಮ್ರಾನ್‌ನ ಗೆಳೆಯರೊಬ್ಬರ ಲ್ಯಾಪ್‌ಟಾಪಿಗೂ ‘ಅರ್ಹತೆ ಇಲ್ಲ’ವೆಂಬ ಅದೇ ಎರಡು ಸಾಲು ಬಂದಿತ್ತಂತೆ, ಕೊಂಡುಹೋದರು. ನಿನ್ನೆ ರಾತ್ರಿ ಫೋನ್: "ವೈಫೈ ಬರ್ತಾ ಇಲ್ಲ ಮಾರಾಯ್ರೆ, ಏನು ಮಾಡೋದು?" ನಾನು ಬಾಯಿ ತೆರೆಯುವ ಮೊದಲೇ ಮಗ ಫೋನ್ ಕಸಿದುಕೊಂಡ. "ಅಂಕಲ್, ನಿಮ್ಮ ಫೋನಿಗೆ ಕೇಬಲ್ ಹಾಕಿ..."